ಪದಚರ್ಚೆ: ಕಂಟ್ಯಾಮಿನೇಷನ್, ಪೊಲ್ಯೂಷನ್ ಎರಡೂ ‘ಮಾಲಿನ್ಯ’ವೇ?

ಗೆಳೆಯರೇ,

ಕಡಲತೀರದ ಹೂಳಿನಲ್ಲಿ ಸೇರುವ ಸೀಸ, ಸತು, ಕ್ಯಾಡ್ಮಿಯಂ, ಪಾದರಸದ ಮೇಲೆ ನಿಗಾ ಇಡುವುದು ಹೇಗೆ ಎಂಬ ಬರಹವೊಂದನ್ನು ತಿದ್ದುತ್ತಿದ್ದೇನೆ. ಸೆಡಿಮೆಂಟ್‌ಗೆ ‘ಹೂಳು’ ಧಾರಾಳ ಸಾಕು. ಟ್ರೇಸ್ ಮೆಟಲ್, ಅಂದರೆ ತೀರಾ ಕಡಿಮೆ ಪ್ರಮಾಣದಲ್ಲಿ ಇರುವ ಲೋಹ, ‘ಜಾಡಿನ ಲೋಹ’ ಆಗಿತ್ತು. ಅದನ್ನು ಹೊಡೆದುಹಾಕಿ ‘ಲೇಶಲೋಹ’ ಮಾಡಿದ್ದೇನೆ. ತಕರಾರಿದ್ದರೆ ಹೇಳಿ.

ತೊಡಕಿರುವುದು ಬೇರೆ ಕಡೆ. ಕಂಟ್ಯಾಮಿನೇಷನ್, ಪೊಲ್ಯೂಷನ್ ಎರಡಕ್ಕೂ ‘ಮಾಲಿನ್ಯ’ ಅಂತಲೇ ಬರೆದಿದ್ದಾರೆ. ಈ ವಿಷಯದಲ್ಲಿ ಎರಡೂ ಒಂದೇ ಅಲ್ಲ. ಸಹಜವಾಗಿ ಇರಬೇಕಾದ್ದಕ್ಕಿಂತ ಜಾಸ್ತಿ ಲೋಹ ಬಂದು ಸೇರಿದೆ ಅನ್ನುವಷ್ಟೇ ಮೊದಲನೆಯದು. ಅದರಿಂದ ಜೀವಿಗಳಿಗೆ ತೊಂದರೆಯಾಗುತ್ತಿದ್ದರೆ ಎರಡನೆಯದು. ಗಾಳಿಯಾಡದ ಕಪ್ಪು ಕೆಸರಿನಲ್ಲಿ ಕ್ಯಾಡ್ಮಿಯಂ, ಸೀಸ ಗಂಧಕದ ಜೊತೆ ಸೇರಿ ಸಲ್ಫೈಡ್ ಆಗಿ ಕೂತಿರುತ್ತವೆ. ಅಳೆದರೆ ಲೆಕ್ಕ ಜಾಸ್ತಿಯೇ ಬರುತ್ತದೆ, ಆದರೆ ಅಲ್ಲಿನ ಹುಳುವಿನ ಮೈಗೆ ಅಷ್ಟೂ ಹೋಗುವುದಿಲ್ಲ. ಹೂಳೆತ್ತುವಾಗ ಕೆಸರು ಕದಡಿ ಆಮ್ಲಜನಕ ತಗುಲಿತೋ, ಅದೇ ಲೋಹ ನೀರಿಗೆ ಬಿಟ್ಟುಕೊಳ್ಳಬಹುದು.

ಹೂಳಿನಲ್ಲಿ ಲೋಹ ಇದೆ ಅನ್ನುವುದೇ ದೊಡ್ಡ ಸುದ್ದಿಯಲ್ಲ, ಅಲ್ವಾ? ಹೋಲಿಕೆಗೆ ಬಳಸುವ ‘ಸರಾಸರಿ ಶೇಲ್’ (ಜೇಡಿ ಗಟ್ಟಿಯಾಗಿ ಆದ ಕಲ್ಲು) ಕಲ್ಲಿನಲ್ಲೇ ಕಿಲೋಗೆ ಸುಮಾರು 20 ಮಿಲಿಗ್ರಾಂ ಸೀಸ ಇರುತ್ತದೆ. ಜೊತೆಗೆ ಲೋಹ ಮರಳಿಗಿಂತ ನುಣ್ಣನೆ ಜೇಡಿಗೇ ಹೆಚ್ಚು ಅಂಟುತ್ತದೆ. ಹಾಗಾಗಿ ಎಷ್ಟೋ ಕಡೆ 63 ಮೈಕ್ರಾನ್ ಜರಡಿಯಲ್ಲಿ ಇಳಿದದ್ದನ್ನು ಮಾತ್ರ ಅಳೆಯುತ್ತಾರೆ. ಇಲ್ಲವೇ ಲೋಹವನ್ನು ಅಲ್ಯೂಮಿನಿಯಂ ಜೊತೆ ತಾಳೆ ನೋಡುತ್ತಾರೆ. ಜೇಡಿಯಲ್ಲಿ ಅಲ್ಯೂಮಿನಿಯಂ ಮೊದಲೇ ರಾಶಿ ಇರುವುದರಿಂದ ಹೊರಗಿಂದ ಸೇರಿದ್ದು ಅದನ್ನು ಅಷ್ಟಾಗಿ ಏರಿಸುವುದಿಲ್ಲ. ಹೀಗೆ ಸಿಗುವ ಎನ್ರಿಚ್‌ಮೆಂಟ್ ಫ್ಯಾಕ್ಟರ್‌ಗೆ ಬರಹದಲ್ಲಿ ‘ಸಮೃದ್ಧಿ ಅಂಶ’ ಅಂತಿದೆ! ಸೀಸದ ಸಮೃದ್ಧಿ ಅಂದರೆ ಒಳ್ಳೆ ಬೆಳೆ ಬಂದ ಹಾಗೆ ಕೇಳುತ್ತದೆ. ‘ಹೆಚ್ಚಳದ ಪಟ್ಟು’ ಅಂತ ನಾನು ತಿದ್ದಿದ್ದೇನೆ. ಐದು ಅಂತ ಬಂದರೆ ಸಹಜವಾಗಿ ಇರಬೇಕಾದ್ದರ ಐದು ಪಟ್ಟು, ಅಷ್ಟೇ.

ಪೊಲ್ಯೂಷನ್‌ಗೆ ‘ಮಾಲಿನ್ಯ’ ಇರಲಿ. ಇನ್ನೊಂದಕ್ಕೆ ಏನು? ‘ಕಲುಷಿತ’ ಅನ್ನೋಣವೆಂದರೆ, ಕಲುಷಿತ ನೀರು ಕುಡಿದು ಅಸ್ವಸ್ಥರಾದರು ಅಂತ ಪತ್ರಿಕೆಯಲ್ಲಿ ಓದಿ ಓದಿ ಆ ಪದಕ್ಕೂ ಕೇಡಿನ ಅರ್ಥವೇ ಗಟ್ಟಿಯಾಗಿದೆ. ‘ಕಲಬೆರಕೆ’ ಅಂದರೆ ಯಾರೋ ಬೇಕೆಂದೇ ಮೋಸ ಮಾಡಿದಂತೆ. ‘ಸೋಂಕು’ ಮೂಲದಲ್ಲಿ ಬರೀ ತಾಗುವುದು, ಈಗ ಪೂರಾ ಕಾಯಿಲೆಯ ಪಾಲಾಗಿದೆ. ‘ಹೊರಬೆರಕೆ’ ಅಂತ ಒಂದು ಹೊಳೆದಿದೆ, ಆದರೆ ಹೊಸದಾಗಿ ಹೊಸೆದ ಪದಕ್ಕಿಂತ ಬಳಕೆಯಲ್ಲಿರುವುದೇ ವಾಸಿ.

ಈ ವಾಕ್ಯ ನೋಡಿ: ‘ಇಲ್ಲಿನ ಹೂಳಿನಲ್ಲಿ ಸತುವಿನ ______ ಇದೆ, ಆದರೆ ಅದು ಮಾಲಿನ್ಯ ಎನ್ನಲು ಪುರಾವೆ ಇಲ್ಲ.’ ಬಿಟ್ಟ ಜಾಗಕ್ಕೆ ನೀವಾದರೆ ಏನು ಬರೆಯುತ್ತಿದ್ದಿರಿ?