ಸಾಲದ ಮಿತಿ ಜಗಳ ಬಂದಾಗ ಸೋಶಿಯಲ್ ಸೆಕ್ಯುರಿಟಿ ಬಗ್ಗೆ ಏನು ಮಾಡಿದಿರಿ?

ಪ್ರಶ್ನೆ, ನ್ಯೂಜೆರ್ಸಿಯಿಂದ: ನನಗೆ ಮುಂದಿನ ವರ್ಷ 62 ತುಂಬುತ್ತದೆ, ಸೋಶಿಯಲ್ ಸೆಕ್ಯುರಿಟಿ (ಅಮೆರಿಕ ಸರ್ಕಾರದ ನಿವೃತ್ತಿ ಪಿಂಚಣಿ) ತಗೊಳ್ಳಲು ಶುರುಮಾಡಬಹುದಾದ ವಯಸ್ಸು. ಸರ್ಕಾರ ಎಷ್ಟರವರೆಗೆ ಸಾಲ ಮಾಡಬಹುದು ಎಂಬ ಸಾಲದ ಮಿತಿಯ ಜಗಳ ವಾಷಿಂಗ್ಟನ್‌ನಲ್ಲಿ ಶುರುವಾದರೆ ನಮ್ಮ ಮನೆಯಲ್ಲೂ ಜಗಳ. "ಖಜಾನೆ ಬರಿದಾಗೋ ಮೊದಲೇ ಸೋಶಿಯಲ್ ಸೆಕ್ಯುರಿಟಿ ತಗೊಂಡ್ಬಿಡಿ" ಅಂತ ಹೆಂಡತಿ. ಮೆಡಿಕೇರ್‌ನಲ್ಲಿರುವ (ಹಿರಿಯರ ಸರ್ಕಾರಿ ಆರೋಗ್ಯ ವಿಮೆ) ಅತ್ತೆಗೂ ಭಯ. ಹಿಂದಿನ ಜಗಳಗಳನ್ನು ಕಂಡವರು ಹೇಳಿ.

ಫೀನಿಕ್ಸ್‌ನಿಂದ: 2011ರಲ್ಲಿ ನಮ್ಮವರಿಗೆ ಆಗಷ್ಟೇ ಹಣ ಬರಲು ಶುರುವಾಗಿತ್ತು. ಆಗಸ್ಟ್ 3ರ ಚೆಕ್‌ಗೆ ಖಾತ್ರಿ ಕೊಡಲಾರೆ ಎಂದು ಒಬಾಮಾ ಟಿವಿಯಲ್ಲೇ ಹೇಳಿದ್ದರು. ಆಗಸ್ಟ್ 2ಕ್ಕೆ ಮಿತಿ ಏರಿಸುವ ಒಪ್ಪಂದಕ್ಕೆ ಸಹಿ ಬಿತ್ತು, ಹಣ ಬಂತು. 2023ರಲ್ಲೂ ಅಷ್ಟೇ. ಜೂನ್ 5ಕ್ಕೆ ದುಡ್ಡು ಮುಗಿಯುತ್ತದೆ ಅಂದರು, ಬೈಡನ್ ಜೂನ್ 3ಕ್ಕೆ ಸಹಿ ಹಾಕಿದರು. ಆದರೂ ಒಂದು ತಿಂಗಳ ಖರ್ಚನ್ನು ಬೇರೆ ಖಾತೆಯಲ್ಲಿ ಇಟ್ಟಿರುತ್ತೇವೆ. ಹಣ ಬರುವ ದಿನವೂ ಗೊತ್ತಿರಲಿ. ಈಗ ಹೊಸದಾಗಿ ಸೇರುವವರಿಗೆ, ತಿಂಗಳ 1ರಿಂದ 10ರೊಳಗೆ ಹುಟ್ಟಿದ್ದರೆ ಎರಡನೇ ಬುಧವಾರ, 11ರಿಂದ 20 ಆದರೆ ಮೂರನೇದು, ಆಮೇಲೆ ಹುಟ್ಟಿದ್ದರೆ ನಾಲ್ಕನೇದು. ಮನೆ ಸಾಲದ ಆಟೋಪೇಯನ್ನು ಅದಾದ ಮೇಲಿನ ತಾರೀಖಿಗೆ ಹಾಕಿಸಿದ್ದೇವೆ.

ವರ್ಜೀನಿಯಾದಿಂದ: ದಯವಿಟ್ಟು ಈ ಭಯಕ್ಕೆ 62ಕ್ಕೇ ತಗೋಬೇಡಿ. ಹಣ ತಡವಾದರೆ 62ಕ್ಕೆ ತಗೊಂಡವರಿಗೂ ತಡ, 70ಕ್ಕೆ ತಗೊಂಡವರಿಗೂ ತಡ. ಅವಸರಪಟ್ಟವರಿಗೆ ವಿಶೇಷ ರಕ್ಷಣೆ ಏನೂ ಇಲ್ಲ. ನಷ್ಟ ಮಾತ್ರ ಜೀವನಪೂರ್ತಿ. ನಿಮ್ಮ ವಯಸ್ಸಿನವರಿಗೆ ಪೂರ್ತಿ ಹಣ 67ಕ್ಕೆ. ಆಗ ತಿಂಗಳಿಗೆ 2,000 ಡಾಲರ್ ಬರುವುದಿದ್ದರೆ 62ಕ್ಕೆ 1,400. 70ರವರೆಗೆ ಕಾದರೆ 2,480. ಈ ಲೆಕ್ಕದಲ್ಲಿ ಬೆಲೆ ಏರಿಕೆಯ ಹೊಂದಾಣಿಕೆ ಸೇರಿಸಿಲ್ಲ. ಯಾರಾದರೂ ಈಗಾಗಲೇ ಹೆದರಿ ಅರ್ಜಿ ಹಾಕಿದ್ದರೆ, 12 ತಿಂಗಳೊಳಗೆ, ಬಂದ ಹಣವನ್ನೆಲ್ಲ ವಾಪಸ್ ಕಟ್ಟಿ, ಆ ಅರ್ಜಿಯನ್ನು ಒಮ್ಮೆ ಹಿಂತೆಗೆದುಕೊಳ್ಳಬಹುದು.

ಇನ್ನು ಸೋಶಿಯಲ್ ಸೆಕ್ಯುರಿಟಿಯ ಹಣ ಇರುವ ಟ್ರಸ್ಟ್ ಫಂಡ್ ವಿಷಯ. 1985ರ ಜಗಳದಲ್ಲಿ ಖಜಾನೆ ಅದಕ್ಕೆ ಕೈ ಹಾಕಿತ್ತು. 1996ರ ಕಾನೂನು ಅದನ್ನು ತಡೆದಿದೆ. ಈಗ ಕೈ ಹೋಗುವುದು ನಮ್ಮಂಥ ಫೆಡರಲ್ ನೌಕರರ ನಿವೃತ್ತಿ ಉಳಿತಾಯದ ಜಿ ಫಂಡ್‌ನಂಥವಕ್ಕೆ! ಜಗಳ ಮುಗಿದ ಮೇಲೆ ಬಡ್ಡಿ ಸಮೇತ ತುಂಬಿಕೊಡಬೇಕೆಂದು ಕಾನೂನಿದೆ, ಕೊಟ್ಟೂ ಇದ್ದಾರೆ. ಅಷ್ಟು ದಿನವೂ ನನ್ನ ಖಾತೆಯ ಮೊತ್ತ ಎಂದಿನಂತೆಯೇ ಕಾಣುತ್ತಿತ್ತು.

ಡಲ್ಲಾಸ್‌ನಿಂದ: ಅತ್ತೆಯವರಿಗೆ ಹೇಳಿ, ಮೆಡಿಕೇರ್ ಕಾರ್ಡ್ ರದ್ದಾಗುವುದಿಲ್ಲ. "ನಿಮ್ಮ ಹಣ ನಿಲ್ಲದಿರಲು ನಂಬರ್ ಕೊಡಿ" ಅಂತ ಫೋನ್ ಬಂದರೆ ಇಟ್ಟುಬಿಡಲಿ. ಇಂಥ ಸುದ್ದಿ ಬಂದಾಗ ಮೋಸಗಾರರಿಗೆ ಸುಗ್ಗಿ.

ಮಿಷಿಗನ್‌ನಿಂದ: ಎಲ್ಲರೂ ಚೆಕ್ ನಿಲ್ಲುತ್ತಾ ಅಂತ ನೋಡುತ್ತಾರೆ. ನಾನು ನೋಡುವುದು ಒಪ್ಪಂದದೊಳಗೆ ಏನು ತೂರಿಸಿದರು ಅಂತ. 2011ರ ಒಪ್ಪಂದದಿಂದ ಸೋಶಿಯಲ್ ಸೆಕ್ಯುರಿಟಿ ತಪ್ಪಿಸಿಕೊಂಡಿತು. ಆದರೆ ಏಪ್ರಿಲ್ 2013ರಿಂದ ಮೆಡಿಕೇರ್ ಆಸ್ಪತ್ರೆ, ಡಾಕ್ಟರ್‌ಗಳಿಗೆ ಕೊಡುವ ಹಣದಲ್ಲಿ 2% ಕಡಿತ ಬಂತು. 2023ರಲ್ಲಿ ಇವೆರಡನ್ನೂ ಮುಟ್ಟಲಿಲ್ಲ. ಅದರ ಬದಲು ಬಡವರ ಆಹಾರ ನೆರವಿನ ಕೆಲಸದ ಷರತ್ತನ್ನು 54 ವರ್ಷದವರಿಗೂ ಎಳೆದರು. ಗಲಾಟೆ ಮಾಡದವರ ತಟ್ಟೆಗೇ ಕೈ, ಅಲ್ವಾ?

ಜುಲೈ 2025ರ ಕಾನೂನು ಮಿತಿಯನ್ನು 5 ಲಕ್ಷ ಕೋಟಿ ಡಾಲರ್ ಏರಿಸಿದೆ, ಸ್ವಲ್ಪ ಉಸಿರಾಡಬಹುದು. ಮತ್ತೆ ಶುರುವಾದಾಗ ಮಾತುಕತೆ ನಡೆಯುವ ವಾರದಲ್ಲೇ ನಿಮ್ಮ ಸಂಸದರ ಕಚೇರಿಗೆ ಫೋನ್ ಮಾಡಿ, ಸಹಿ ಬಿದ್ದ ಮೇಲಲ್ಲ. ಮೊದಲು ಜಿಪ್ ಕೋಡ್ ಹೇಳಿ, ಅವರ ಕ್ಷೇತ್ರದವರೆಂದು ಗೊತ್ತಾದರೆ ಬರೆದುಕೊಳ್ಳುತ್ತಾರೆ.