ಅರಬೈಲ್ ಘಾಟಿಯಲ್ಲಿ ಬಿಸಿಯಾದ ಮೇಲೆ ಲಾರಿ ಬಂದ್, ಹೊಸ ಕ್ರ್ಯಾಂಕ್ ಸೆನ್ಸರ್ ಹಾಕಿದರೂ ಸರಿಯಾಗಿಲ್ಲ

ಪ್ರಶ್ನೆ (ಅಂಕೋಲಾ):
ನಮ್ಮದು ಹಳೆಯ ಬಿಎಸ್-3 ಕಾಮನ್ ರೈಲ್ ಲಾರಿ, 24 ವೋಲ್ಟ್. ಮೀನು ತುಂಬಿಕೊಂಡು ಹುಬ್ಬಳ್ಳಿಗೆ ಹೋಗುವಾಗ ಘಾಟಿ ಅರ್ಧ ಹತ್ತಿದ ಮೇಲೆ ಇಂಜಿನ್ ಒಮ್ಮೆಲೇ ಬಂದ್ ಆಗುತ್ತದೆ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲ ಅನ್ನೋ ಹಾಗೆ ಚಾಲೂ. ಸ್ಕ್ಯಾನರ್‌ನಲ್ಲಿ ಪಿ0335 ಕೋಡ್ ಬಂತು. ಇಂಜಿನ್ ತಿರುಗುವ ವೇಗ ಅಳೆಯುವ ಕ್ರ್ಯಾಂಕ್ ಸೆನ್ಸರ್ ಹೊಸದು ಹಾಕಿಸಿದೆ. ಎರಡು ಟ್ರಿಪ್ ಆದ ಮೇಲೆ ಮತ್ತೆ ಅದೇ. ಈಗ ಇಸಿಎಂ (ಇಂಜಿನ್ ನಡೆಸುವ ಕಂಪ್ಯೂಟರ್ ಡಬ್ಬಿ) ಬದಲಿಸಿ ಅಂತಾರೆ. ಐಸ್ ಕರಗಿ ಮಾಲು ಹಾಳಾದರೆ ಅನ್ನೋದೇ ಚಿಂತೆ.

ಉತ್ತರ (ಶಿರಸಿ):
ಇಸಿಎಂಗೆ ಈಗಲೇ ದುಡ್ಡು ಹಾಕಬೇಡಿ ಅಣ್ಣ. ಆ ಕೋಡ್ ಹೇಳೋದು ಕ್ರ್ಯಾಂಕ್ ಸೆನ್ಸರ್ ಸರ್ಕಿಟ್‌ನಲ್ಲಿ ತೊಂದರೆ ಇದೆ ಅಂತ. ವೈರು, ಕನೆಕ್ಟರ್ ಎಲ್ಲ ಅದರಲ್ಲೇ ಬಂತು.

ಮುಂದಿನ ಸಲ ಬಂದ್ ಆದಾಗ ಸೆಲ್ಫ್ ಹೊಡೆಯುತ್ತಾ ಸ್ಕ್ಯಾನರ್‌ನಲ್ಲಿ ಆರ್‌ಪಿಎಂ ನೋಡಿ. ಇಂಜಿನ್ ತಿರುಗುತ್ತಿದ್ದರೂ ಸೊನ್ನೆಯೇ ತೋರಿಸಿದರೆ ಸಿಗ್ನಲ್ ಇಸಿಎಂಗೆ ಮುಟ್ಟುತ್ತಿಲ್ಲ.

ಆಮೇಲೆ ಕೀ ಆಫ್ ಮಾಡಿ, ಬ್ಯಾಟರಿ ವೈರ್ ತೆಗೆದು, ಇಸಿಎಂ ಕನೆಕ್ಟರ್ ಬಿಚ್ಚಿ. ಬಿಚ್ಚಿದ ಕನೆಕ್ಟರ್‌ನ ವೈರಿನ ಕಡೆ, ಕ್ರ್ಯಾಂಕ್ ಸೆನ್ಸರ್‌ನ ಎರಡು ಪಿನ್ ನಡುವೆ ಮೀಟರ್ ಹಿಡಿಯಿರಿ. ಕಾಯಿಲ್ ಇರುವ ಎರಡು ವೈರಿನ ಸೆನ್ಸರ್ ಆದರೆ ಸಾಧಾರಣ ಕೆಲವು ನೂರರಿಂದ ಸಾವಿರದ ಆಸುಪಾಸು ಓಮ್ ಬರಬೇಕು, ಸರಿಯಾದ ಅಂಕಿ ನಿಮ್ಮ ಗಾಡಿಯ ಮ್ಯಾನುವಲ್‌ನಲ್ಲಿ ಇರುತ್ತದೆ. ಕಾಯಿಲ್ ಇಲ್ಲದ ಮೂರು ವೈರಿನದಾದರೆ ಈ ಅಳತೆ ನಡೆಯೋದಿಲ್ಲ. ಇಂಜಿನ್ ಬಿಸಿ ಇರುವಾಗಲೇ ಅಳೆಯಿರಿ, ತಣ್ಣಗಿದ್ದಾಗ ಎಲ್ಲ ಸರಿಯೇ ತೋರಿಸುತ್ತದೆ. ಮೀಟರ್ ಹಿಡಿದುಕೊಂಡೇ ಇನ್ನೊಬ್ಬರಿಗೆ ಹಾರ್ನೆಸ್ (ವೈರಿನ ಕಟ್ಟು) ಅನ್ನು ಗೇಣು ಗೇಣು ಅಲ್ಲಾಡಿಸಲು ಹೇಳಿ. ಅಂಕಿ ಹಾರಿದ ಜಾಗವೇ ನಿಮ್ಮ ಕಾಯಿಲೆ. ಪ್ರತಿ ಪಿನ್‌ನಿಂದ ಬಾಡಿಗೂ ನೋಡಿ, ಅಲ್ಲಿ ಓಪನ್, ಅಂದರೆ ಸಂಪರ್ಕವೇ ಇಲ್ಲ ಅಂತ ತೋರಿಸಬೇಕು.

ದಯವಿಟ್ಟು ವೈರಿಗೆ ಸೂಜಿ ಚುಚ್ಚಿ ಅಳೆಯಬೇಡಿ. ಕರಾವಳಿಯ ಉಪ್ಪುಗಾಳಿಗೆ ಆ ತೂತಿನಿಂದಲೇ ತಾಮ್ರ ಕೊಳೆಯುತ್ತದೆ.

ಹಲವು ಸೆನ್ಸರ್ ಕೋಡ್ ಒಟ್ಟಿಗೇ ಬಂದರೆ ಮಾತ್ರ ಬೇರೆ ದಾರಿ: ಇಸಿಎಂ ಸೆನ್ಸರ್‌ಗಳಿಗೆ ಕೊಡುವ 5 ವೋಲ್ಟ್ ಸಪ್ಲೈ ನೋಡುತ್ತಾ ಒಂದೊಂದೇ ಪ್ಲಗ್ ಬಿಚ್ಚಬೇಕು. ಯಾವುದನ್ನು ಬಿಚ್ಚಿದಾಗ ವೋಲ್ಟ್ ಮೇಲೆ ಬರುತ್ತದೋ ಅದೇ ಶಾರ್ಟ್.

ಅಂಕೋಲಾ:
ಸಿಕ್ಕಿತು. ಬಿಸಿ ಇದ್ದಾಗ ಒಮ್ಮೆ ಸರಿ ಅಂಕಿ, ಒಮ್ಮೆ ಓಪನ್. ಫ್ಲೈವೀಲ್ ಹೌಸಿಂಗ್ ಹತ್ತಿರ ಕ್ಲಾಂಪ್ ಕೆಳಗೆ ವೈರಿನ ಮೇಲಿನ ಪೈಪ್ ಸವೆದಿತ್ತು. ಬಿಡಿಸಿದರೆ ಒಂದು ವೈರಿನ ಒಳಗೆ ಹಸಿರು ಪುಡಿ, ನಾಲ್ಕೈದು ಎಳೆ ಮಾತ್ರ ಉಳಿದಿದ್ದವು. ಒಳ್ಳೆ ತಾಮ್ರ ಸಿಗುವವರೆಗೆ ಕತ್ತರಿಸಿ, ಬೆಸುಗೆ ಹಾಕಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ) ಕೂರಿಸಿದೆವು. ನಿನ್ನೆ ಲೋಡ್ ಹಾಕಿಕೊಂಡೇ ಘಾಟಿ ಹತ್ತಿತು, ಎಲ್ಲೂ ನಿಲ್ಲಲಿಲ್ಲ.