ಫೋನಿನ ಹಿಂಬದಿ ಗಾಜು ಬಿಡಿಸಲು ಲೇಸರ್: ಒಳಗಿನ ಕಾಯಿಲ್ ಉಳಿಯುತ್ತದಾ?

ಪ್ರಶ್ನೆ (ಮುಂಬಯಿ, ಲ್ಯಾಮಿಂಗ್ಟನ್ ರೋಡ್)
ಇಲ್ಲೇ ನನ್ನ ಮೊಬೈಲ್ ರಿಪೇರಿ ಅಂಗಡಿ. ಐಫೋನ್ 8, ಎಕ್ಸ್, 11 ಇವುಗಳ ಹಿಂಬದಿ ಗಾಜು ಒಡೆದರೆ ತಲೆನೋವು. ಅಂಟು ಅಷ್ಟು ಗಟ್ಟಿ. ಬಿಸಿ ಮಾಡಿ, ಬ್ಲೇಡಿನಿಂದ ಚೂರುಚೂರಾಗಿ ಕೀಳಬೇಕು. ವೈರ್‌ಲೆಸ್ ಚಾರ್ಜಿಂಗ್ ಕಾಯಿಲ್‌ಗೆ ಬ್ಲೇಡ್ ತಗುಲಿದರೆ ಮುಗೀತು. ಲೇಸರ್ ಮಷಿನ್ ತಗೊಳ್ಳಲಾ? ಗಾಜು ದಾಟಿ ಅಂಟನ್ನೇ ಹೇಗೆ ಸುಡುತ್ತದೆ?

ಉತ್ತರ 1 (ಪುಣೆ, ಭೋಸರಿ)
ತಗೊಳ್ಳಿ ಅಣ್ಣಾ. ಈ ಮಷಿನ್‌ಗಳಲ್ಲಿ ಸಾಮಾನ್ಯವಾಗಿ 1064 ನ್ಯಾನೋಮೀಟರ್ ತರಂಗಾಂತರದ ಫೈಬರ್ ಲೇಸರ್ ಇರುತ್ತದೆ. ಆ ಬೆಳಕಿಗೆ ಗಾಜು ಅಡ್ಡಿಯಲ್ಲ, ಹಾದು ಹೋಗುತ್ತದೆ. ಹಿಂದಿನ ಬಣ್ಣ, ಅಂಟು ಅದನ್ನು ಹೀರಿಕೊಂಡು ಸುಡುತ್ತವೆ. ಪಲ್ಸ್ (ಬೆಳಕಿನ ಒಂದೊಂದು ಮಿಂಚು) ತುಂಬಾ ಚಿಕ್ಕದು, ಹಾಗಾಗಿ ಬಿಸಿ ಒಳಗೆ ಇಳಿಯುವಷ್ಟರಲ್ಲಿ ಕೆಲಸ ಆಗಿರುತ್ತದೆ.

ಆದರೆ ಪವರ್ ಜಾಸ್ತಿ ಇಟ್ಟರೆ ಕಾಯಿಲ್‌ಗೂ ಪೆಟ್ಟು. ಕಡಿಮೆ ಪವರ್‌ನಲ್ಲಿ ಶುರು ಮಾಡಿ. ಕ್ಯಾಮೆರಾ ಭಾಗವನ್ನು ಕಡ್ಡಾಯವಾಗಿ ಬಿಟ್ಟು ಓಡಿಸಿ, ಸೆನ್ಸರ್ ಹೋದರೆ ವಾಪಸ್ ಬರಲ್ಲ. ಈ ಬೆಳಕು ಕಣ್ಣಿಗೆ ಕಾಣದು, ಅದಕ್ಕೇ ಅಪಾಯ. 1064ಕ್ಕೆಂದೇ ಇರುವ ಕನ್ನಡಕ ಹಾಕಿ. ಹೊಗೆ ಎಳೆಯುವ ಫ್ಯಾನ್ ಇಲ್ಲದೆ ಕೆಲಸಕ್ಕೆ ಕೂರಬೇಡಿ.

ಉತ್ತರ 2 (ಅಂಧೇರಿ)
ಎಲ್‌ಇಡಿ ತಯಾರಿಕೆಯಲ್ಲೂ ಇದೇ ಉಪಾಯ. ನೀಲಮಣಿ ತಟ್ಟೆಯ ಮೇಲೆ ಬೆಳಕು ಕೊಡುವ ಗ್ಯಾಲಿಯಂ ನೈಟ್ರೈಡ್ ಪದರ ಬೆಳೆಸಿ, ಹಿಂದಿನಿಂದ 248 ನ್ಯಾನೋಮೀಟರ್ ಲೇಸರ್ ಬಿಡುತ್ತಾರೆ. ನೀಲಮಣಿ ದಾಟಿದ ಬೆಳಕು ಎರಡೂ ಅಂಟಿಕೊಂಡ ಕಡೆ ಗ್ಯಾಲಿಯಂ ನೈಟ್ರೈಡಿನ ತೆಳು ಪದರವನ್ನಷ್ಟೇ ಒಡೆಯುತ್ತದೆ. ನೈಟ್ರೋಜನ್ ಹಾರಿಹೋಗಿ ಗ್ಯಾಲಿಯಂ ಉಳಿಯುತ್ತದೆ. ಅದು ಸುಮಾರು 30 ಡಿಗ್ರಿಗೇ ಕರಗುವ ಲೋಹ. ಸ್ವಲ್ಪ ಬೆಚ್ಚಗೆ ಮಾಡಿದರೆ ತಟ್ಟೆ ತಾನಾಗೇ ಜಾರುತ್ತದೆ. ಎಷ್ಟು ಚೆಂದ ಅಲ್ವಾ!

ಕೇಳಿದವರು
ಥ್ಯಾಂಕ್ಸ್. ಫ್ರೇಮಿನ ಅಂಚಿನಲ್ಲಿ ಉಳಿಯುವ ಅಂಟಿಗೂ ಲೇಸರೇನಾ?

ಉತ್ತರ 1
ಇಲ್ಲ, ಅಲ್ಲಿ ಕೈಯಲ್ಲೇ ಕೆರೆಯಬೇಕು. ನಿಧಾನವಾಗಿ.